ದೀಪಾವಳಿಗೆ ಕ್ಲಬ್ಬಿನಿಂದ ಕಾಫಿಪುಡಿ, ಚಕ್ಕುಲಿ ಮಾರಾಟ. ದೇವೀರಮ್ಮನ ಬೆಟ್ಟದಲ್ಲಿ ನೀರಿನ ಸೇವೆ: ಲೆಕ್ಕ, ಅಳತೆ ಬಲ್ಲವರು ಹೇಳಿ

ಐಜಿ ರಸ್ತೆ:

ಚಿಕ್ಕಮಗಳೂರಿನ ನಮ್ಮ ಸೇವಾ ಕ್ಲಬ್ಬಿನಲ್ಲಿ 35 ಸದಸ್ಯರಿದ್ದೇವೆ. ಈ ದೀಪಾವಳಿಗೆ 300 ಹಬ್ಬದ ಕಿಟ್ ಮಾರೋಣ ಅಂತ ಸಭೆಯಲ್ಲಿ ತೀರ್ಮಾನ ಆಗಿದೆ. ಒಂದೊಂದರಲ್ಲಿ ಕಾಲು ಕೆಜಿ ಕಾಫಿಪುಡಿ, 200 ಗ್ರಾಂ ಚಕ್ಕುಲಿ, ಕಾಲು ಕೆಜಿ ಮೈಸೂರು ಪಾಕ್. ಬಂದ ಹಣದಲ್ಲಿ ಮೊದಲ ಪಾಲು ದೀಪಾವಳಿಗೆ ದೇವೀರಮ್ಮನ ಬೆಟ್ಟ ಹತ್ತುವ ಭಕ್ತರಿಗೆ ನೀರು ಮತ್ತು ಪ್ರಥಮ ಚಿಕಿತ್ಸೆಗೆ, ಉಳಿದದ್ದು ಸರ್ಕಾರಿ ಶಾಲೆ ಮಕ್ಕಳ ಕನ್ನಡಕಕ್ಕೆ.

ಸಾಮಾನು ಎಷ್ಟು ತರಿಸಬೇಕು, ಲೈಸೆನ್ಸ್ ಏನೇನು ಬೇಕು, ಹಣ ಹೇಗೆ ಇಡಬೇಕು ಅನ್ನೋದು ಸ್ಪಷ್ಟವಾಗಬೇಕಿದೆ. ಒಂದಿಬ್ಬರು ತೋಟದವರು ಕಾಫಿಯನ್ನೇ ದಾನ ಕೊಡ್ತೀವಿ ಅಂದಿದ್ದಾರೆ. ಲಕ್ಕಿ ಡ್ರಾ ಕೂಪನ್ ಮತ್ತು ಪಟಾಕಿ ಮಳಿಗೆಯ ಪ್ರಸ್ತಾಪವೂ ಇದೆ.

ಕ್ಯೂರಿಂಗ್ ಮನೆ:

ಕಾಫಿ ವಿಷಯ ನಾನು ಹೇಳ್ತೀನಿ. ತೋಟದವರು "ಒಂದು ಮೂಟೆ ಕೊಡ್ತೀನಿ" ಅಂದ ಕೂಡಲೇ ಕೇಳಬೇಕಾದ ಪ್ರಶ್ನೆ: ಪಾರ್ಚ್‌ಮೆಂಟೋ, ಚೆರ್ರಿಯೋ? ಪಾರ್ಚ್‌ಮೆಂಟ್ ಅಂದರೆ ಹಣ್ಣಿನ ಸಿಪ್ಪೆ, ತಿರುಳು ತೆಗೆದು ಒಣಗಿಸಿದ್ದು, ಚೆರ್ರಿ ಅಂದರೆ ಹಣ್ಣನ್ನು ಹಾಗೇ ಒಣಗಿಸಿದ್ದು. 50 ಕೆಜಿಯ ಅರೇಬಿಕಾ ಪಾರ್ಚ್‌ಮೆಂಟ್ ಮೂಟೆ ಹಲ್ ಮಾಡಿಸಿ ಹೊರಸಿಪ್ಪೆ ತೆಗೆಸಿದರೆ ಸುಮಾರು 40 ಕೆಜಿ ಕ್ಲೀನ್ ಬೀಜ ಸಿಗುತ್ತೆ. ಅದೇ 50 ಕೆಜಿ ರೋಬಸ್ಟಾ ಚೆರ್ರಿ ಮೂಟೆಯಲ್ಲಿ ಸಿಗೋದು 26 ಕೆಜಿ ಆಸುಪಾಸು, ಉಳಿದದ್ದೆಲ್ಲ ಸಿಪ್ಪೆ. ಈ ಔಟ್‌ಟರ್ನ್ ಲೆಕ್ಕ ಹಾಕದೆ ಮೂಟೆ ಎಣಿಸಿಕೊಂಡು ಕೂತರೆ ಕೊನೇ ವಾರ ಪೇಟೆಯಲ್ಲಿ ಕೇಳಿದ ಬೆಲೆ ಕೊಟ್ಟು ಬೀಜ ತರಬೇಕಾಗುತ್ತೆ.

300 ಪ್ಯಾಕೆಟ್‌ಗೆ 75 ಕೆಜಿ ಪುಡಿ ಬೇಕು. 80:20 ಮಿಶ್ರಣ ಅಂದರೆ ಕಾಫಿ 60 ಕೆಜಿ, ಚಿಕೋರಿ 15 ಕೆಜಿ. ಹುರಿಯುವಾಗ ತೂಕದಲ್ಲಿ ಶೇ 15ರಿಂದ 18 ಹೋಗುತ್ತೆ, ಕಪ್ಪಗೆ ಹುರಿದಷ್ಟೂ ಜಾಸ್ತಿ. ಹಾಗಾಗಿ ಕ್ಲೀನ್ ಬೀಜ 73 ಕೆಜಿ ಇಟ್ಟುಕೊಳ್ಳಿ. ಅರ್ಧ ಅರೇಬಿಕಾ, ಅರ್ಧ ರೋಬಸ್ಟಾ ಹಾಕಿದರೆ ಫಿಲ್ಟರ್ ಕಾಫಿಗೆ ಗಟ್ಟಿ ರುಚಿಯೂ ಬರುತ್ತೆ, ಘಮವೂ ಇರುತ್ತೆ. ಎರಡನ್ನೂ ಬೇರೆ ಬೇರೆ ಹುರಿಸಿ ಆಮೇಲೆ ಬೆರೆಸಿ. ಬೀಜದ ಗಾತ್ರ, ಗಟ್ಟಿತನ ಬೇರೆ, ಒಟ್ಟಿಗೆ ಹಾಕಿದರೆ ಒಂದು ಹದವಾಗೋ ಹೊತ್ತಿಗೆ ಇನ್ನೊಂದು ಹೊತ್ತಿರುತ್ತೆ.

ದೀಪಾವಳಿ ಹೊತ್ತಿಗೆ ಹೊಸ ಫಸಲು ಕೈಗೆ ಬಂದಿರಲ್ಲ. ಅರೇಬಿಕಾ ಕೊಯ್ಲು ಆಗಷ್ಟೇ ಶುರು, ರೋಬಸ್ಟಾ ಇನ್ನೂ ತಡ. ದಾನಕ್ಕೆ ಬರೋದು ಹಿಂದಿನ ವರ್ಷದ್ದು, ಅಂದರೆ ಇಡೀ ಮಳೆಗಾಲ ಗೋದಾಮಿನಲ್ಲಿ ಕೂತ ಮಾಲು. ಮೂಟೆ ನಡುವಿನಿಂದ ಒಂದು ಹಿಡಿ ತೆಗೆದು ನೋಡಿ. ಬೀಜ ಬಿಳಿಚಿಕೊಂಡು ಉಬ್ಬಿದ್ದರೆ, ಬೂಷ್ಟಿನ ವಾಸನೆ ಇದ್ದರೆ ಕೈಮುಗಿದು ವಾಪಸ್ ಕೊಡಿ. ಅಂಥ ಒಂದು ಮೂಟೆ 300 ಪ್ಯಾಕೆಟ್‌ನ ರುಚಿಯನ್ನೂ ಕೆಡಿಸುತ್ತೆ.

ಹುರಿದ ಬೀಜ ರಾತ್ರಿಯಿಡೀ ಆರಲಿ, ಮರುದಿನ ಬೀಸಿ. ಬಿಸಿ ಇದ್ದಾಗಲೇ ಬೀಸಿದರೆ ಪುಡಿ ಗಂಟುಕಟ್ಟುತ್ತೆ. ಚಿಕೋರಿಯನ್ನು ಎಲ್ಲಕ್ಕಿಂತ ಕೊನೆಗೆ ಬೆರೆಸಿ, ಅದು ಗಾಳಿಯ ತೇವವನ್ನು ಬೇಗ ಎಳ್ಕೊಳ್ಳುತ್ತೆ. ಜಡಿಮಳೆ ಹಿಡಿದ ದಿನ ತೆರೆದ ಬೇಸಿನ್‌ನಲ್ಲಿ ಚಿಕೋರಿ ಇಟ್ಟರೆ ಸಂಜೆಗೆ ಬೆಲ್ಲದ ಥರ ಅಂಟಾಗಿರುತ್ತೆ.

ಪ್ಯಾಕ್ ಮಾಡೋ ಲೈಸೆನ್ಸ್ ನೀವೇ ಮಾಡಿಸೋ ಬದಲು, ಲೈಸೆನ್ಸ್ ಇರೋ ಊರಿನ ಕಾಫಿಪುಡಿ ಅಂಗಡಿಯವರಿಂದಲೇ ಹುರಿಸಿ, ಬೀಸಿಸಿ, ಪ್ಯಾಕ್ ಮಾಡಿಸಿಕೊಳ್ಳೋದು ಸರಿ. ಲೇಬಲ್ ಮೇಲೆ ಕಾಫಿ ಎಷ್ಟು, ಚಿಕೋರಿ ಎಷ್ಟು ಅಂತ ಶೇಕಡಾವಾರು ಬರೆಯಲೇಬೇಕು; ಮಿಶ್ರಣದಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆ ಇರುವಂತಿಲ್ಲ. ಜೊತೆಗೆ ನಿವ್ವಳ ತೂಕ, ತಯಾರಿಸಿದ ದಿನ, ಎಷ್ಟು ದಿನದೊಳಗೆ ಬಳಸಬೇಕು, ಬೆಲೆ, ತಯಾರಿಸಿದವರ ವಿಳಾಸ, ಆಹಾರ ಸುರಕ್ಷತಾ ಪ್ರಾಧಿಕಾರದ ಎಫ್‌ಎಸ್‌ಎಸ್‌ಎಐ ನಂಬರು, ಹಸಿರು ಚುಕ್ಕೆ.

ಬಾಣಲೆ:

ಚಕ್ಕುಲಿ 200 ಗ್ರಾಂ × 300 ಅಂದರೆ 60 ಕೆಜಿ. ಅಕ್ಕಿಹಿಟ್ಟು 1 ಕೆಜಿ, ಹುರಿದ ಉದ್ದಿನಹಿಟ್ಟು ಕಾಲು ಕೆಜಿ, ಬೆಣ್ಣೆ 100 ಗ್ರಾಂ, ಉಪ್ಪು 25 ಗ್ರಾಂ: ಇದು ಒಂದು ಪಾಲು. ಕರಿದ ಮೇಲೆ ಸುಮಾರು 1.6 ಕೆಜಿ ಚಕ್ಕುಲಿ ಆಗುತ್ತೆ. ಮುರಿದದ್ದು, ಕೆಂಪಾದದ್ದು ಕಳೆದು 40 ಪಾಲು ಲೆಕ್ಕ ಇಟ್ಟುಕೊಳ್ಳಿ. ಅಕ್ಕಿಹಿಟ್ಟು 40 ಕೆಜಿ, ಉದ್ದಿನಹಿಟ್ಟು 10 ಕೆಜಿ, ಬೆಣ್ಣೆ 4 ಕೆಜಿ, ಉಪ್ಪು 1 ಕೆಜಿ, ಎಳ್ಳು ಜೀರಿಗೆ ಬೇರೆ. ಎಣ್ಣೆ 15 ಕೆಜಿ ಟಿನ್ ಎರಡು. ಚಕ್ಕುಲಿ ಕುಡಿಯೋದೇ 14 ಕೆಜಿ ಹತ್ತಿರ, ಮಿಕ್ಕಿದ್ದು ಬಾಣಲೆಯಲ್ಲಿರೋದು.

ಒಂದು ದೊಡ್ಡ ಬಾಣಲೆಯಲ್ಲಿ ಒಂದು ಒಬ್ಬೆಗೆ 12ರಿಂದ 14 ಬೀಳುತ್ತೆ, 5-6 ನಿಮಿಷ ಬೇಕು. ಗಂಟೆಗೆ 3 ಕೆಜಿ ಅಂತ ಹಿಡಿಯಿರಿ. 60 ಕೆಜಿಗೆ ಒಂದೇ ಒಲೆಯಾದರೆ 20 ಗಂಟೆ, ಮೂರು ಒಲೆ ಇಟ್ಟರೆ ಏಳು ಗಂಟೆ. 19 ಕೆಜಿಯ ಕಮರ್ಷಿಯಲ್ ಸಿಲಿಂಡರ್ ಎರಡು ಇರಲಿ. ಮನೆ ಸಿಲಿಂಡರ್ ತರಬೇಡಿ, ಅದು ನಿಯಮಕ್ಕೆ ವಿರುದ್ಧ.

ಕೆಡೋದು ಎಲ್ಲಿ ಅಂದರೆ, ಹಿಟ್ಟು ಒಂದೇ ಸಲ ಕಲಸಿಡೋದರಲ್ಲಿ. ಕಲಸಿ ಅರ್ಧ ಗಂಟೆ ದಾಟಿದ ಹಿಟ್ಟಿನ ಚಕ್ಕುಲಿ ಕೆಂಪಾಗುತ್ತೆ, ಎಣ್ಣೆ ಜಾಸ್ತಿ ಕುಡಿಯುತ್ತೆ. ಒಂದು ಸಲಕ್ಕೆ ಎರಡು ಪಾಲು ಸಾಕು, ಒಬ್ಬರು ಕಲಸ್ತಾನೇ ಇರಬೇಕು. ಒತ್ತುವಾಗ ಎಳೆ ಕಡಿದರೆ ನೀರು ಕಡಿಮೆ. ಎಣ್ಣೆಯಲ್ಲಿ ಬಿಡಿಸಿಕೊಂಡು ಹೋದರೆ ಬೆಣ್ಣೆ ಜಾಸ್ತಿ. ಕಲ್ಲಿನಂತಾದರೆ ಬೆಣ್ಣೆ ಸಾಲದು. ಉದ್ದು ಅತಿಯಾಗಿ ಹುರಿದಿದ್ದರೆ ಬಣ್ಣವೂ ಹೋಯಿತು, ಕಹಿಯೂ ಬಂತು. ಎಣ್ಣೆ 170 ಡಿಗ್ರಿ ಹತ್ತಿರ ನಿಲ್ಲಲಿ. ಥರ್ಮಾಮೀಟರ್ ಇಲ್ಲದಿದ್ದರೆ ಚೂರು ಹಿಟ್ಟು ಹಾಕಿ, ತಳಕ್ಕೆ ಹೋಗಿ ತಕ್ಷಣ ಮೇಲೆದ್ದರೆ ಸರಿ. ಎಣ್ಣೆಯ ನೊರೆ ಅಡಗೋ ಮೊದಲೇ ತೆಗೆದರೆ ಒಳಗೆ ಹಸಿ ಉಳಿದು ಮೂರನೇ ದಿನಕ್ಕೆ ಮೆತ್ತಗಾಗುತ್ತೆ.

ತೆಗೆದ ಮೇಲೆ ಒಂದೂವರೆ ಗಂಟೆ ಹರಡಿ ಆರಿಸಿ. ಬಿಸಿಯಲ್ಲಿ ಕವರ್‌ಗೆ ಹಾಕಿದರೆ ಒಳಗೆ ಬೆವರು ಕಟ್ಟುತ್ತೆ, ಅಲ್ಲಿಗೆ ಗರಿಗರಿ ಮುಗಿಯಿತು.

ಮೈಸೂರು ಪಾಕ್ ನನಗೆ ಒಪ್ಪಿಗೆಯಿಲ್ಲ. 75 ಕೆಜಿ ಮಾಡಲು ಹದ ಗೊತ್ತಿರೋ ಭಟ್ಟರೇ ಬೇಕು, ತುಪ್ಪದ ಖರ್ಚಿನಲ್ಲಿ ಉಳಿಯೋದು ಅಷ್ಟಕ್ಕಷ್ಟೆ. ಅದರ ಬದಲು ಕಜ್ಜಾಯ ಇಡಿ. ಹಬ್ಬದ್ದೇ ತಿಂಡಿ, ಹತ್ತು ದಿನ ಕೆಡಲ್ಲ. 50 ಗ್ರಾಂನ ಐದು ಇಟ್ಟರೆ ಕಾಲು ಕೆಜಿ.

ಸ್ತ್ರೀಶಕ್ತಿ ಪರ:

ಚಕ್ಕುಲಿ, ಕಜ್ಜಾಯ ಎರಡನ್ನೂ ಸದಸ್ಯರೇ ಯಾಕೆ ಕರೀಬೇಕು? ಊರಿನ ಸ್ವಸಹಾಯ ಸಂಘದ ಹೆಂಗಸರು ವರ್ಷವಿಡೀ ಇದೇ ಕೆಲಸ ಮಾಡ್ತಾರೆ, ಎಫ್‌ಎಸ್‌ಎಸ್‌ಎಐ ನೋಂದಣಿ ಇರೋ ಸಂಘಗಳೂ ಇವೆ. ಅವರಿಗೆ ಆರ್ಡರ್ ಕೊಟ್ಟರೆ ಕೂಲಿಯೂ ಊರಲ್ಲೇ ಉಳಿಯುತ್ತೆ. ಕ್ಲಬ್ಬಿನ ಸೇವೆ ಅಂದರೆ ಅದೂ ಸೇವೆಯೇ.

ಬಾಣಲೆ:

ಒಪ್ಪಿದೆ, ಕಜ್ಜಾಯವನ್ನಂತೂ ಖಂಡಿತ ಅವರಿಗೇ ಕೊಡಿ. ಅಕ್ಕಿ ನೆನೆಸಿ, ನೆರಳಲ್ಲಿ ಆರಿಸಿ, ತೇವ ಪೂರ್ತಿ ಹೋಗೋ ಮೊದಲೇ ಹಿಟ್ಟು ಮಾಡಿಸಿ, ಬೆಲ್ಲದ ಪಾಕದಲ್ಲಿ ಕಲಸಿ ಒಂದು ದಿನ ಇಡಬೇಕು. 75 ಕೆಜಿ ಕಜ್ಜಾಯಕ್ಕೆ ಅಕ್ಕಿ 38 ಕೆಜಿ, ಬೆಲ್ಲ 28 ಕೆಜಿ ಬೀಳುತ್ತೆ. ಪಾಕದ ಒಂದು ಹನಿ ತಣ್ಣೀರಿಗೆ ಬಿಟ್ಟಾಗ ಬೆರಳಲ್ಲಿ ಮೆತ್ತನೆಯ ಉಂಡೆ ಆಗಬೇಕು. ಅದಕ್ಕಿಂತ ಎಳೆಯದಾದರೆ ಎಣ್ಣೆಯಲ್ಲಿ ಪುಡಿಪುಡಿಯಾಗಿ ಕರಗಿಹೋಗುತ್ತೆ, ಬಲಿತರೆ ಹಲ್ಲಿಗೆ ಬಗ್ಗಲ್ಲ. ಹೊಸಬರು 38 ಕೆಜಿ ಅಕ್ಕಿಯ ಮೇಲೆ ಇದನ್ನು ಕಲಿಯೋದು ಬೇಡ.

ಆರ್ಡರ್ ಕೊಡುವಾಗ ಮುಂಗಡವಾಗಿ ಸಾಮಾನಿನ ದುಡ್ಡು ಕೊಡಿ. ಸಂಘದವರ ಕೈಯಲ್ಲಿ 28 ಕೆಜಿ ಬೆಲ್ಲ, ಎರಡು ಟಿನ್ ಎಣ್ಣೆ ತರೋಷ್ಟು ಹಣ ಸುಮ್ಮನೆ ಕೂತಿರಲ್ಲ.

ಐಜಿ ರಸ್ತೆ:

ಕಾಫಿ, ಚಕ್ಕುಲಿ, ಕಜ್ಜಾಯ ಮೂರನ್ನೂ ಒಂದೇ ರಟ್ಟಿನ ಪೆಟ್ಟಿಗೆಯಲ್ಲಿ ಇಡಬಹುದಲ್ಲ? ಪೆಟ್ಟಿಗೆ ಅಚ್ಚು ಹಾಕಿಸಲು ಕೊಡಬೇಕು.

ಕ್ಯೂರಿಂಗ್ ಮನೆ:

ಇಡಬೇಡಿ. ಹೊಸದಾಗಿ ಹುರಿದ ಕಾಫಿಯಿಂದ ಒಂದೆರಡು ದಿನ ಗಾಳಿ ಹೊರಡ್ತಾನೇ ಇರುತ್ತೆ. ವಾಲ್ವ್ ಇಲ್ಲದ ಪೌಚ್ ಆದರೆ ದಿಂಬಿನಂತೆ ಉಬ್ಬಿ ಸೀಲ್ ಬಿಡುತ್ತೆ. ವಾಲ್ವ್ ಇದ್ದರೆ ಆ ಗಾಳಿ ಘಮದ ಸಮೇತ ಹೊರಗೆ ಬಂದು ಪಕ್ಕದಲ್ಲಿರೋ ಎಣ್ಣೆ ತಿಂಡಿಗೆ ಹಿಡಿಯುತ್ತೆ. ಮುಚ್ಚಿದ ಪೆಟ್ಟಿಗೆಯಲ್ಲಿ ನಾಲ್ಕು ದಿನ ಕೂತ ಕಜ್ಜಾಯ ಕಾಫಿ ವಾಸನೆ ಹೊಡೆಯುತ್ತೆ. ತಿಂಡಿಗೆ ಪೆಟ್ಟಿಗೆ, ಕಾಫಿಗೆ ಬೇರೆ ಪೌಚ್, ಎರಡೂ ಹಿಡಿಯೋ ಒಂದು ಬಟ್ಟೆ ಚೀಲ.

ಪೌಚ್ ತುಂಬಿಸುವಾಗ ಬಾಯಿಯ ಒಳ ಅಂಚು ನೋಡಿ. ಪುಡಿಯ ತೆಳು ಪದರ ಅಲ್ಲಿ ಕೂತಿದ್ದರೆ ಮೆಷಿನ್ ಎಷ್ಟು ಬಿಸಿ ಇದ್ದರೂ ಸೀಲ್ ಹಿಡಿಯಲ್ಲ, ಕಣ್ಣಿಗೆ ಹಿಡಿದಂತೆ ಕಾಣುತ್ತೆ ಅಷ್ಟೆ. ಉದ್ದ ಕೊಳವೆಯ ಲಾಳಿಕೆ ಬಳಸಿ, ಒಣ ಬಟ್ಟೆಯಲ್ಲಿ ಒರೆಸಿ, ಆಮೇಲೆ ಸೀಲ್ ಮಾಡಲಿ. ಇಪ್ಪತ್ತಕ್ಕೊಂದು ಪೌಚನ್ನು ವಾಲ್ವ್ ಮೇಲೆ ಬೆರಳಿಟ್ಟು ಮುಚ್ಚಿ, ನೀರಿನಲ್ಲಿ ಮುಳುಗಿಸಿ ಒತ್ತಿ ನೋಡಿ. ಗುಳ್ಳೆ ಬಂದರೆ ಹಿಂದಿನ ಇಪ್ಪತ್ತನ್ನೂ ತೆಗೆದು ಪರೀಕ್ಷಿಸಿ. ತೂಕ 250ಕ್ಕೆ ಸರಿಯಾಗಿ ನಿಲ್ಲಿಸದೆ ಎರಡು ಗ್ರಾಂ ಮೇಲಿರಲಿ, ತಕ್ಕಡಿಗೆ ಈ ವರ್ಷದ ಮುದ್ರೆ ಬಿದ್ದಿರಲಿ.

ರಸೀದಿ ಪುಸ್ತಕ:

ಎಲ್ಲರೂ ತಿಂಡಿ ಲೆಕ್ಕ ಬರೆದಿದ್ದೀರಿ, ಹಣದ ಲೆಕ್ಕ ನಾನು ಬರೀತೀನಿ. ಕ್ಲಬ್ಬುಗಳ ಹೆಸರು ಕೆಡೋದು ಚಕ್ಕುಲಿಯಿಂದಲ್ಲ, ಇಲ್ಲಿಂದ.

ನಿಮ್ಮದು ಲಯನ್ಸ್ ಆದರೆ ನಿಯಮ ಸ್ಪಷ್ಟ: ಸದಸ್ಯರ ಚಂದಾ ಆಡಳಿತ ಖಾತೆಗೆ, ಸಾರ್ವಜನಿಕರಿಂದ ಬಂದದ್ದು ಸೇವಾ ಚಟುವಟಿಕೆಯ ಖಾತೆಗೆ. ಸಾರ್ವಜನಿಕರ ಹಣದಲ್ಲಿ ಆ ಮಾರಾಟದ ನೇರ ಖರ್ಚು ಕಳೆಯಬಹುದು, ಬೇರೆ ಯಾವುದನ್ನೂ ಕಳೆಯುವಂತಿಲ್ಲ. ರೋಟರಿ ಅಥವಾ ಊರಿನದೇ ಸಂಘವಾದರೂ ಇದನ್ನೇ ಪಾಲಿಸಿ. ಬೀಜ, ಬೆಲ್ಲ, ಪೌಚ್, ಗ್ಯಾಸ್, ಕರಿಯುವವರ ಕೂಲಿ: ನೇರ ಖರ್ಚು. ಪ್ಯಾಕಿಂಗ್ ದಿನ ಸದಸ್ಯರು ತಿಂದ ತಿಂಡಿ-ಕಾಫಿ, ಹೊಸ ಅಧ್ಯಕ್ಷರ ಫೋಟೊ ಇರೋ ಫ್ಲೆಕ್ಸ್, ಅತಿಥಿಗೆ ಹಾಕಿದ ಶಾಲು ಹಾರ: ಇದೆಲ್ಲ ಆಡಳಿತ ಖಾತೆಯಿಂದ. ಎರಡು ಬ್ಯಾಂಕ್ ಖಾತೆ ಇಲ್ಲದಿದ್ದರೆ ಮಾರಾಟ ಶುರುವಾಗೋ ಮೊದಲೇ ತೆರೆಯಿರಿ. ಹೊಸ ಖಾತೆಗೆ ಠರಾವು, ಸಹಿ, ಕೆವೈಸಿ ಅಂತ ಎರಡು ವಾರ ಹಿಡಿಯುತ್ತೆ.

ಕ್ಯೂಆರ್ ಕೋಡ್ ಸೇವಾ ಖಾತೆಯದ್ದೇ ಇರಬೇಕು. ಸದಸ್ಯರ ಸ್ವಂತ ಫೋನ್‌ಪೇಗೆ ಹಣ ಬಂದು ಆಮೇಲೆ ಒಟ್ಟಿಗೆ ವರ್ಗಾಯಿಸೋ ಪದ್ಧತಿ ಬೇಡವೇ ಬೇಡ. ಯಾರ ಹಣ ಬಂತು, ಯಾರದ್ದು ಬಾಕಿ ಅಂತ ತಾಳೆ ನೋಡಲು ಆಗಲ್ಲ, ಪ್ರಾಮಾಣಿಕರ ಮೇಲೂ ಅನುಮಾನ ಬರುತ್ತೆ. ಪ್ರತಿ ಆರ್ಡರಿಗೂ ಒಂದು ನಂಬರು, ಹಣ ಹಾಕುವಾಗ ಆ ನಂಬರನ್ನು ಷರಾದಲ್ಲಿ ಬರೆಯಲು ಹೇಳಿ. ನಗದು ತಗೊಂಡವರು ನಂಬರಿರೋ ರಸೀದಿ ಕೊಡಲಿ, ಖಾಲಿ ಉಳಿದ ರಸೀದಿ ಪುಸ್ತಕವನ್ನೂ ವಾಪಸ್ ಕೊಡಲಿ.

ಕಿಟ್ ಕೊಂಡವರು ಆದಾಯ ತೆರಿಗೆ ರಿಯಾಯಿತಿಗೆ 80ಜಿ ರಸೀದಿ ಕೇಳ್ತಾರೆ. ಕೊಡಬೇಡಿ. ಅವರು ಕೊಟ್ಟ ಹಣಕ್ಕೆ ಸಾಮಾನು ಪಡೆದಿದ್ದಾರೆ, ಅದು ದಾನ ಅಲ್ಲ. ಏನನ್ನೂ ಪಡೆಯದೆ ಕೊಟ್ಟ ದೇಣಿಗೆಗೆ ಮಾತ್ರ, ಅದೂ ನಿಮ್ಮ ಟ್ರಸ್ಟಿಗೆ ಅನುಮೋದನೆ ಇದ್ದರೆ. ನಗದಾದರೆ 2000 ರೂಪಾಯಿ ದಾಟಿದ ದೇಣಿಗೆಗೆ ರಿಯಾಯಿತಿ ಸಿಗಲ್ಲ, ಚೆಕ್ ಅಥವಾ ಯುಪಿಐ ಕೇಳಿ.

ಇನ್ನೊಂದು ವಿಷಯ ಯಾರೂ ಗಮನಿಸಿದಂತಿಲ್ಲ. ಬೆಟ್ಟದ ಖರ್ಚು ನರಕ ಚತುರ್ದಶಿಗೇ ಬರುತ್ತೆ, ಆದರೆ ಕಿಟ್ ಮಾರಾಟ ಮುಗಿಯೋದೂ ಅದೇ ಹೊತ್ತಿಗೆ. ಮಳಿಗೆ ಹಾಕಿ ಕೂತು ಮಾರಿದರೆ ನೀರಿನ ಟ್ಯಾಂಕಿನ ಬಾಡಿಗೆಗೂ ಕೈಯಿಂದ ಹಾಕಬೇಕು. ಆದ್ದರಿಂದ ಮುಂಗಡ ಆರ್ಡರ್ ಮಾತ್ರ, ಪೂರ್ತಿ ಹಣ ಕೊಟ್ಟರೇ ಆರ್ಡರ್. ಹಬ್ಬಕ್ಕೆ ಐದು ವಾರ ಇರುವಾಗ ಶುರು ಮಾಡಿ, ಹದಿನೈದು ದಿನ ಇರುವಾಗ ನಿಲ್ಲಿಸಿ. ಬಂದ ಆರ್ಡರಿಗೆ ಶೇ 5 ಸೇರಿಸಿ ಅಷ್ಟೇ ತಯಾರಿಸಿ. 300ರ ಆಸೆಗೆ 300 ಮಾಡಿ 210 ಮಾರಿದರೆ ಉಳಿದ 90 ಕಿಟ್‌ನಲ್ಲೇ ಲಾಭವೆಲ್ಲ ಕೂತಿರುತ್ತೆ.

ಕಡೂರು ಕಡೆ:

ಲಕ್ಕಿ ಡ್ರಾ ಬಿಟ್ಟುಬಿಡಿ. ಕರ್ನಾಟಕದಲ್ಲಿ 2007ರಿಂದ ಲಾಟರಿ ನಿಷೇಧ ಇದೆ. ದುಡ್ಡು ಕೊಟ್ಟು ಕೂಪನ್, ಚೀಟಿ ಎತ್ತಿ ಬಹುಮಾನ ಅಂದರೆ "ಸೇವೆಗಾಗಿ" ಅಂತ ಬರೆದರೂ ಅದು ಲಾಟರಿಯೇ.

ಪಟಾಕಿಯೂ ಬೇಡ. ತಾತ್ಕಾಲಿಕ ಮಳಿಗೆಗೆ ಲೈಸೆನ್ಸ್ ಬೇಕು, ಮಳಿಗೆಗಳ ನಡುವೆ 3 ಮೀಟರ್ ಅಂತರ, ಎದುರುಬದುರು ಇರಬಾರದು, ಉರಿಯುವ ದೀಪ ಕೂಡದು, ಹೀಗೆ ನಿಯಮಗಳಿವೆ. 2023ರ ಅಕ್ಟೋಬರಿನಲ್ಲಿ ಅತ್ತಿಬೆಲೆಯ ಪಟಾಕಿ ಗೋದಾಮಿನಲ್ಲಿ ಎಷ್ಟು ಜೀವ ಹೋಯಿತು ಅನ್ನೋದು ಎಲ್ಲರಿಗೂ ಗೊತ್ತು. ರಾತ್ರಿ ಕಾವಲಿಗೆ ಹುಡುಗರನ್ನು ಅಲ್ಲಿ ಮಲಗಿಸಿ ಗಳಿಸೋ ಹಣ ಯಾವ ಸೇವೆಗೂ ಬೇಡ.

ಮಲ್ಲೇನಹಳ್ಳಿ ದಾರಿ:

ಬೆಟ್ಟದ ವಿಷಯ. ವರ್ಷಕ್ಕೊಮ್ಮೆ ದೀಪಾವಳಿಗೆ ಮಾತ್ರ ಹತ್ತೋದು, ಹಾಗಾಗಿ ಜನ ಒಟ್ಟಿಗೆ ಬರ್ತಾರೆ. ಬರಿಗಾಲಲ್ಲಿ, ರಾತ್ರಿಯಿಂದಲೇ. ಮಲ್ಲೇನಹಳ್ಳಿ ಕಡೆಯಿಂದಲೂ ಹತ್ತುತ್ತಾರೆ, ಮಾಣಿಕ್ಯಧಾರಾ ಕಡೆಯಿಂದಲೂ ಬರ್ತಾರೆ. ಯಾವ ಕಡೆ ನಿಮ್ಮ ಸೇವೆ ಅನ್ನೋದನ್ನು ದೇವಸ್ಥಾನದವರು, ಪೊಲೀಸರು, ಅರಣ್ಯ ಇಲಾಖೆಯವರ ಜೊತೆ ಕೂತು ಮೊದಲೇ ಬರವಣಿಗೆಯಲ್ಲಿ ಮಾಡಿಕೊಳ್ಳಿ. ಬಂದ ಸಂಘಗಳೆಲ್ಲ ತಪ್ಪಲಲ್ಲೇ ಮಜ್ಜಿಗೆ, ಪಾನಕ ಕೊಟ್ಟು ಏರಿನಲ್ಲಿ ಒಬ್ಬರೂ ಇಲ್ಲದಂತಾಗೋದು ಸಾಮಾನ್ಯ.

ನೀರನ್ನು ಬಾಟಲಿಯಲ್ಲಿ ಹಂಚಬೇಡಿ. ಖಾಲಿ ಬಾಟಲಿ ಎಲ್ಲ ಹುಲ್ಲುಗಾವಲಿಗೆ ಬೀಳುತ್ತೆ, ಕಡಿದಾದ ಇಳಿಜಾರಿನಿಂದ ಅದನ್ನು ಆರಿಸೋದು ಆಮೇಲೆ ಯಾರಿಂದಲೂ ಆಗಲ್ಲ. ಪೇಪರ್ ಲೋಟಕ್ಕೂ ಒಳಗೆ ಪ್ಲಾಸ್ಟಿಕ್ ಪದರ ಇರುತ್ತೆ. ತಪ್ಪಲಿನಲ್ಲಿ 1000 ಲೀಟರ್ ಟ್ಯಾಂಕನ್ನು ಎರಡಡಿ ಕಟ್ಟೆಯ ಮೇಲಿಟ್ಟು, ಒಂದೂಕಾಲು ಇಂಚಿನ ಪೈಪಿಗೆ ಆರು ನಲ್ಲಿ ಜೋಡಿಸಿ, ಬಂದವರ ಬಾಟಲಿ ತುಂಬಿಸಿ ಕಳಿಸಿ. ಬಾಟಲಿ ಇಲ್ಲದವರಿಗೆ ಸ್ಟೀಲ್ ಲೋಟ, ಅಲ್ಲೇ ಕುಡಿದು ಅಲ್ಲೇ ಇಡೋದು. ನಲ್ಲಿಯ ಕೆಳಗೆ ಜಲ್ಲಿ ಹರಡದಿದ್ದರೆ ಒಂದು ಗಂಟೆಯಲ್ಲಿ ಕೆಸರಾಗಿ ಅಲ್ಲೇ ಜನ ಜಾರ್ತಾರೆ.

ನೀರು ತಿಳಿಯಾಗಿದ್ದರೆ 1000 ಲೀಟರಿಗೆ ಒಳ್ಳೆ ಬ್ಲೀಚಿಂಗ್ ಪೌಡರ್ 2.5 ಗ್ರಾಂ. ಬಕೆಟ್ ನೀರಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ಟ್ಯಾಂಕಿಗೆ ಹಾಕಿ ಒಂದು ಗಂಟೆ ಬಿಡಬೇಕು. ಕೆಂಪು ನೀರಿಗೆ ಇದು ಕೆಲಸ ಮಾಡಲ್ಲ.

ಏರಿನಲ್ಲಿ ಜಾರುವ ಜಾಗಗಳಲ್ಲಿ ಇಬ್ಬಿಬ್ಬರು ಸ್ವಯಂಸೇವಕರು, ತಲೆಗೆ ಕಟ್ಟುವ ಟಾರ್ಚ್, ಒಂದೊಂದು ಕಡೆ 30 ಮೀಟರ್ ದಪ್ಪ ಹಗ್ಗ. ಕೈಯಲ್ಲಿ ಹಿಡಿಯೋ ಟಾರ್ಚ್ ಬೇಡ, ಬಿದ್ದವರನ್ನು ಎತ್ತಲು ಎರಡೂ ಕೈ ಬೇಕು. ಆರು ಗಂಟೆಗೊಂದು ಪಾಳಿ ಅಂತ ಮೂರು ಪಾಳಿ ಹಾಕಿ. ಬೆಳಗಿನ ಜಾವದವರೇ ಮಧ್ಯಾಹ್ನದವರೆಗೂ ನಿಂತರೆ ಇಳಿಯೋ ಹೊತ್ತಿನ ನೂಕುನುಗ್ಗಲಿಗೆ ಯಾರಲ್ಲೂ ಶಕ್ತಿ ಉಳಿದಿರಲ್ಲ, ಪೆಟ್ಟಾಗೋದು ಇಳಿಯುವಾಗಲೇ ಹೆಚ್ಚು. ಅಷ್ಟು ಜನ ಸೇರಿದಾಗ ಮೊಬೈಲ್ ಸಿಗೋದನ್ನು ನಂಬಬೇಡಿ. ಪೊಲೀಸರ ವಾಕಿಟಾಕಿ ಇರೋ ಜಾಗ ಎಲ್ಲಿ ಅಂತ ಪ್ರತಿಯೊಬ್ಬರಿಗೂ ಗೊತ್ತಿರಲಿ.

ಶುಶ್ರೂಷಕಿ:

ಪ್ರಥಮ ಚಿಕಿತ್ಸೆ ಪೆಟ್ಟಿಗೆಯಲ್ಲಿ ಬ್ಯಾಂಡ್-ಏಡ್ ನೂರಾರು ಇರುತ್ತೆ, ಬೇಕಾದದ್ದೇ ಇರಲ್ಲ. ಉಳುಕಿಗೆ 10 ಸೆಂಟಿಮೀಟರಿನ ಕ್ರೇಪ್ ಬ್ಯಾಂಡೇಜ್ ಕನಿಷ್ಠ 40, ಅಂಗಾಲಿನ ಗಾಯ ತೊಳೆಯಲು ಸಲೈನ್, ಗಾಜ್, ಅಗಲದ ಟೇಪ್, ಮುಳ್ಳು ತೆಗೆಯುವ ಚಿಮುಟ, ಓಆರ್‌ಎಸ್. ಓಆರ್‌ಎಸ್ ದೊಡ್ಡ ಪೊಟ್ಟಣವನ್ನು ಸರಿಯಾಗಿ ಒಂದು ಲೀಟರ್ ನೀರಿಗೇ ಹಾಕಬೇಕು, ಲೋಟಕ್ಕೆ ಸುರಿದು ಕೊಡೋದು ಅಪಾಯ. ಪೊಟ್ಟಣ ಮುಗಿದರೆ ಒಂದು ಲೀಟರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಮಳೆ ಬಂದಿದ್ದರೆ ಇಂಬಳದ (ಜಿಗಣೆಯ) ಕಾಟ ಇದ್ದೇ ಇರುತ್ತೆ, ಬರಿಗಾಲು ಬೇರೆ. ಸುಡೋದು, ಉಪ್ಪು ಸುರಿಯೋದು ಮಾಡಬೇಡಿ, ಅದು ಕಚ್ಚಿದ ಜಾಗಕ್ಕೇ ಕಾರಿಕೊಳ್ಳುತ್ತೆ. ಉಗುರನ್ನು ಅದರ ಬಾಯಿಯ ಅಂಚಿಗೆ ತೂರಿಸಿ ಪಕ್ಕಕ್ಕೆ ಸರಿಸಿದರೆ ಬಿಡುತ್ತೆ. ರಕ್ತ ಹೆಪ್ಪುಗಟ್ಟದಂತೆ ಮಾಡೋ ಅಂಶ ಅದರ ಜೊಲ್ಲಿನಲ್ಲಿರೋದರಿಂದ ಸೋರೋದು ಬೇಗ ನಿಲ್ಲಲ್ಲ. ತೊಳೆದು ಗಾಜ್ ಇಟ್ಟು ಹತ್ತು ಹದಿನೈದು ನಿಮಿಷ ಒತ್ತಿ ಹಿಡಿಯಿರಿ.

ಎದೆನೋವು, ವಿಪರೀತ ಬೆವರು ಅಂದವರನ್ನು ನಡೆಸಿ ಇಳಿಸಬೇಡಿ. ಕೂರಿಸಿ, 108ಕ್ಕೆ ತಿಳಿಸಿ, ಸ್ಟ್ರೆಚರಿನಲ್ಲೇ ಇಳಿಸಿ. ಆ ಇಳಿಜಾರಿಗೆ ನಾಲ್ಕು ಜನ ಸಾಲದು, ಹೊರಲು ಆರು, ಮುಂದೆ ದಾರಿ ಬಿಡಿಸಲು ಒಬ್ಬರು. ಹಿಂದಿನ ವಾರವೇ ಖಾಲಿ ಸ್ಟ್ರೆಚರಿಗೆ ಒಬ್ಬರನ್ನು ಮಲಗಿಸಿ ಹೊತ್ತು ಅಭ್ಯಾಸ ಮಾಡಿ.

ಬಾಣಲೆ:

ಸ್ವಯಂಸೇವಕರ ಊಟಕ್ಕೆ ಕಾಯಿ ಹಾಕಿದ ಚಿತ್ರಾನ್ನ ಬೇಡ, ರಾತ್ರಿ ಕಲಸಿದ್ದು ಬೆಳಿಗ್ಗೆಗೆ ಹಳಸುತ್ತೆ. ಹುಳಿ ಮುಂದಾದ ಪುಳಿಯೋಗರೆ ತಡೆಯುತ್ತೆ, 1 ಕೆಜಿ ಅಕ್ಕಿಗೆ ಹತ್ತು ಜನ. ತಪ್ಪಲಲ್ಲೇ ಒಲೆ ಇದ್ದರೆ ಉಪ್ಪಿಟ್ಟು ಸುಲಭ, 1 ಕೆಜಿ ರವೆಗೆ ಹನ್ನೆರಡು ಜನ. ಇದರ ಖರ್ಚು ಯಾವ ಖಾತೆಗೆ ಅಂತ ರಸೀದಿ ಪುಸ್ತಕದವರು ಹೇಳಲಿ.

ರಸೀದಿ ಪುಸ್ತಕ:

ಸದಸ್ಯರ ಊಟ ಆಡಳಿತ ಖಾತೆಗೆ. ಭಕ್ತರಿಗೆ ಕೊಟ್ಟ ನೀರು, ಔಷಧಿ, ಟ್ಯಾಂಕಿನ ಬಾಡಿಗೆ ಸೇವಾ ಖಾತೆಗೆ.

ಐಜಿ ರಸ್ತೆ:

ತುಂಬಾ ಉಪಕಾರ ಆಯಿತು. ಸಭೆಗೆ ಇಡೋ ಪ್ರಸ್ತಾಪ ಹೀಗಿದೆ: ಮೈಸೂರು ಪಾಕ್, ಲಕ್ಕಿ ಡ್ರಾ, ಪಟಾಕಿ ಮೂರೂ ಇಲ್ಲ. ಚಕ್ಕುಲಿ, ಕಜ್ಜಾಯ ಸ್ವಸಹಾಯ ಸಂಘಕ್ಕೆ, ಸಾಮಾನಿನ ಮುಂಗಡದ ಸಮೇತ. ಕಾಫಿ ಲೈಸೆನ್ಸ್ ಇರೋ ಅಂಗಡಿಯಲ್ಲಿ, ದಾನದ ಬೀಜ ಪರೀಕ್ಷೆ ಮಾಡಿದ ಮೇಲೆ. ಸೇವಾ ಖಾತೆ ಈ ವಾರವೇ. ದಾನವಾಗಿ ಬಂದ ಕಾಫಿಯನ್ನು ಲೆಕ್ಕದಲ್ಲಿ ಹೇಗೆ ತೋರಿಸೋದು?

ರಸೀದಿ ಪುಸ್ತಕ:

ಕ್ಲೀನ್ ಬೀಜದ ತೂಕ, ಆ ದಿನದ ಪೇಟೆ ಬೆಲೆ ಎರಡನ್ನೂ ಬರೆದು ವಸ್ತು ರೂಪದ ದೇಣಿಗೆ ಅಂತ ಜಮಾ ತೋರಿಸಿ, ಅಷ್ಟೇ ಮೊತ್ತವನ್ನು ಕಾಫಿ ಖರ್ಚಿನಲ್ಲೂ ತೋರಿಸಿ. ಹಾಗೆ ಮಾಡದಿದ್ದರೆ ಒಂದು ಕಿಟ್‌ಗೆ ನಿಜವಾಗಿ ಎಷ್ಟು ಬೀಳುತ್ತೆ ಅಂತ ಗೊತ್ತಾಗಲ್ಲ. ಮುಂದಿನ ವರ್ಷ ದಾನ ಬರದಿದ್ದಾಗ ಇದೇ ಬೆಲೆಗೆ ಮಾರಲು ಹೋಗಿ ನಷ್ಟ ಆಗುತ್ತೆ. ತೋಟದವರಿಗೆ ತೂಕ ಬರೆದ ಸ್ವೀಕೃತಿ ಪತ್ರ ಕೊಡಿ. ವಸ್ತು ರೂಪದ ದಾನಕ್ಕೆ 80ಜಿ ರಿಯಾಯಿತಿ ಇಲ್ಲ ಅಂತ ಮೊದಲೇ ಹೇಳಿಬಿಡಿ.

ಕ್ಯೂರಿಂಗ್ ಮನೆ:

ಆರ್ಡರ್ ಫಾರಂನಲ್ಲಿ ಇನ್ನೊಂದು ಕಾಲಂ ಸೇರಿಸಿ: ಚಿಕೋರಿ ಇರೋದು ಬೇಕೋ, ಇಲ್ಲದ್ದು ಬೇಕೋ. ಚಿಕ್ಕಮಗಳೂರಿನಲ್ಲಿ ಇದನ್ನು ಕೇಳದೆ ಕಾಫಿಪುಡಿ ಮಾರಲು ಆಗಲ್ಲ. ಶುದ್ಧ ಕಾಫಿ ಕೇಳಿದ ಪ್ರತಿ 10 ಪ್ಯಾಕೆಟ್‌ಗೆ ಕ್ಲೀನ್ ಬೀಜ 600 ಗ್ರಾಂ ಹೆಚ್ಚಾಗಿ ಬೇಕಾಗುತ್ತೆ, ಬೆಲೆಯನ್ನೂ ಅದಕ್ಕೆ ತಕ್ಕಂತೆ ಬೇರೆ ಇಡಿ.